ಬೇಲಿಯಾಚೆಯ ಬಯಲು

ಅಮೆರಿಕದಲ್ಲಿ, ದ ವುಡ್‌ಲ್ಯಾಂಡ್ಸ್ ಪಟ್ಟಣಕ್ಕೆ ಸಮೀಪದ ಊರೊಂದರಲ್ಲಿ ಲೀಲಾವತಿ ಮನೆ ಕೊಂಡಾಗ ಹಿತ್ತಲಾಚೆಗೆ ಹುಲ್ಲಿನ ಬಯಲಿತ್ತು. ಅದರಾಚೆ ತಂತಿಬೇಲಿ, ಬೇಲಿಯೊಳಗೆ ಊರಿನ ಹಳೆಯ ಸಾರ್ವಜನಿಕ ಸ್ಮಶಾನ.

ಈಚೆಗೆ ಭಾನುವಾರಗಳಲ್ಲಿ ಕಪ್ಪು ಜನಾಂಗದ ಮುದುಕನೊಬ್ಬ ಆ ಬಯಲಿಗೆ ಬಂದು ಕಬ್ಬಿಣದ ಸರಳಿನಿಂದ ನೆಲ ಚುಚ್ಚುತ್ತಿದ್ದ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅವನ ಕಾರಿನ ಫೋಟೊ ಓಡಾಡಿತು. ಹೂತಿಟ್ಟದ್ದೇನನ್ನೋ ಕದಿಯಲು ಬಂದವನೆಂದು ಲೀಲಾವತಿಗೂ ಗುಮಾನಿ.

“ನಮಗ್ಯಾಕೆ ಊರ ಉಸಾಬರಿ, ಸುಮ್ನಿರೇ,” ಅಂದ ಗಂಡ ಮೋಹನರಾಜ.

ಅವಳು ಹೋಗಿ ಕೇಳಿಯೇಬಿಟ್ಟಳು. ಮುದುಕ ಟೋಪಿ ತೆಗೆದು, ತನ್ನ ಹೆಸರು ಐಸಾಯಾ ಎಂದ. “ನನ್ನ ಮುತ್ತಜ್ಜಿಯನ್ನ ಇಲ್ಲೇ ಮಣ್ಣು ಮಾಡಿದ್ದು. ಕಲ್ಲು ನೆಡಿಸೋ ಶಕ್ತಿ ನಮ್ಮವರಿಗಿರಲಿಲ್ಲ, ಮರದ ಹಲಗೆ ನೆಟ್ಟಿದ್ದರು. ಹಲಗೆಗಳು ಗೆದ್ದಲು ಹಿಡಿದು ಹೋದ ಮೇಲೆ ನಮ್ಮವರ ಗೋರಿಗಳನ್ನ ಹೊರಗಿಟ್ಟು ಬೇಲಿ ಹಾಕಿದರು.”

ಸರಳನ್ನು ಅವಳ ಕೈಗೇ ಕೊಟ್ಟ. ಒಂದು ಕಡೆ ಗಟ್ಟಿ ಜೇಡಿಮಣ್ಣಿಗೆ ತಾಗಿ ನಿಂತಿತು. ತುಸು ಪಕ್ಕದಲ್ಲಿ ಒತ್ತುವ ಮೊದಲೇ ಸರ್ರನೆ ಇಳಿಯಿತು. ಲೀಲಾವತಿ ಬೆಚ್ಚಿ ಕೈಬಿಟ್ಟಳು. “ಗೋರಿಗೆ ಅಗೆದ ಮಣ್ಣು ಮತ್ತೆ ಅಷ್ಟು ಗಟ್ಟಿಯಾಗಲ್ಲ,” ಅಂದ ಐಸಾಯಾ.

ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಸ್ಮಶಾನ ಸಮಿತಿಯ ಅಧ್ಯಕ್ಷ ವಾಲ್ಟರ್‌ನ ಮನೆಗೆ ಹೋಗಿ, ಆ ಬಯಲಿನಲ್ಲಿ ಮೊದಲು ಏನಿತ್ತು ಎಂದಷ್ಟೇ ಕೇಳಿದಳು.

“ದನ ಮೇಯುತ್ತಿದ್ದವು, ಅಷ್ಟೇ,” ಎಂದು ಅವನು ನಕ್ಕ. ಬಾಗಿಲವರೆಗೂ ಬಂದು, “ಆ ಮುದುಕ ನಿಮಗೇನು ಹೇಳಿದ?” ಅಂದ.

ಮುದುಕನ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಮಣ್ಣು ತುಂಬಿದ ಲಾರಿಗಳು ಬಂದವು. ಸ್ಮಶಾನ ಸಮಿತಿಯವರು ಪಾರ್ಕಿಂಗ್‌ಗೆ ಬಯಲು ಮಟ್ಟ ಮಾಡಿಸುತ್ತಾರಂತೆ. ಲೀಲಾವತಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಮುಂದಿನ ಲಾರಿಗೆ ಅಡ್ಡ ನಿಂತಳು, ಅಲ್ಲಿಂದಲೇ ಜಿಲ್ಲಾಡಳಿತದ ಕೌಂಟಿ ಆಫೀಸಿಗೆ ಫೋನ್ ಮಾಡಿ, ಇಲ್ಲಿ ಗೋರಿಗಳಿವೆ ಎಂದಳು. ಡ್ರೈವರ್ ಗೊಣಗುತ್ತ ಎಂಜಿನ್ ಆರಿಸಿದ. ಸರ್ವೆ ಆಗುವವರೆಗೆ ಕೆಲಸ ನಿಲ್ಲಿಸುವಂತೆ ಮಧ್ಯಾಹ್ನವೇ ಆದೇಶ ಬಂತು.

ಸರ್ವೆಯವರು ನೆಲದಡಿ ಏನಿದೆಯೆಂದು ತೋರಿಸುವ ರಾಡಾರ್ ಗಾಡಿ ತಳ್ಳುತ್ತ, ಗೋರಿ ಸಿಕ್ಕಲ್ಲೆಲ್ಲ ಕಿತ್ತಳೆ ಬಾವುಟ ನೆಡುತ್ತ ಬಂದರು. ಐಸಾಯಾ ಬರಿದಲೆಯಲ್ಲಿ ಅವರ ಹಿಂದೆ ಹಿಂದೆಯೇ ನಡೆದ. ವಾಲ್ಟರ್ ಸಿಕ್ಕಸಿಕ್ಕವರಿಗೆಲ್ಲ, “ನನಗೆ ಗೊತ್ತೇ ಇರಲಿಲ್ಲ,” ಅನ್ನುತ್ತಿದ್ದ. ಲೀಲಾವತಿ ನಂಬಲಿಲ್ಲ.

ಬಾವುಟಗಳ ಸಾಲು ನೇರ ಅವಳ ಹಿತ್ತಲ ಬೇಲಿಗೇ ಬಂದು ನಿಂತಿತು. ಸರ್ವೆಯ ಹೆಂಗಸು ಹಿತ್ತಲ ಗೇಟು ತಟ್ಟಿದಳು. “ಒಳಗೂ ನೋಡಬಹುದೇ? ನಿಮ್ಮ ಒಪ್ಪಿಗೆ ಬೇಕು.”

“ಬೇಡ ಅನ್ನು,” ಮೋಹನರಾಜ ಪಿಸುಗುಟ್ಟಿದ. “ಆಮೇಲೆ ಈ ಮನೆ ಯಾರು ತಗೋತಾರೆ? ನಾವಾದ್ರೂ ಹೇಗಿರೋದು?”

ಲೀಲಾವತಿ ಬೇಡವೆನ್ನಬಹುದಿತ್ತು. ಮುಂದೆ ಯಾರಾದರೂ ಕೇಳಿದರೆ, ವಾಲ್ಟರ್‌ನಂತೆ, ನಮಗೆ ಗೊತ್ತಿರಲಿಲ್ಲ ಅಂದುಬಿಡಬಹುದಿತ್ತು. ಬೇಲಿಯಾಚೆ ಐಸಾಯಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಅವಳು ಗೇಟಿನ ಚಿಲಕ ತೆಗೆದಳು.