ತಪಾಸಣೆಯ ಮೀನು

ಎಣ್ಣೆ ರಿಫೈನರಿಯವರು ಕೇರಿಯ ಬಾವಿ ಕೆಡಿಸಿದರು. ರಾವಸಾಬ ಸತ್ತಾಗ ಹೆಣಕ್ಕೆ ಎರೆಯುವ ನೀರನ್ನೂ ಅವರೇ ಟ್ಯಾಂಕರಿನಲ್ಲಿ ಕಳಿಸಿದರು.

ರೇಣವ್ವ ಗಂಡನ ಎದೆಯ ಮೇಲೆ ತಂಬಿಗೆ ಬಗ್ಗಿಸುತ್ತಿದ್ದಳು. ನೀರಿನಲ್ಲಿ ಜಿಡ್ಡಿರಲಿಲ್ಲ, ಹುಳಿನಾತ ಇರಲಿಲ್ಲ. ನೆರೆಮನೆಯ ಹೊನ್ನವ್ವ ಕೊಡ ಇಳಿಸಿ, "ಬದುಕಿದ್ದಾಗ ಕೇಳಿದ್ರ ಒಂದ್ ಕೊಡಾ ಕೊಡಲಿಲ್ಲ. ದಿನಾ ಒಬ್ಬೊಬ್ಬರು ಸತ್ತರ ಕೇರಿಗೆ ನೀರಿನ ಚಿಂತಿ ಇರಾಂಗಿಲ್ಲ ನೋಡವಾ" ಅಂದಳು. ಯಾರೋ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡರು.

ನಾಲತವಾಡದ ಹೊರಗೆ ಸೂರ್ಯಕಾಂತಿ ಎಣ್ಣೆ ಸೋಸುವ ಆ ಕಾರ್ಖಾನೆಯಲ್ಲಿ ರಾವಸಾಬ ಕೊಳೆನೀರಿನ ಹೊಂಡ ಕಾಯುತ್ತಿದ್ದ. ನಿನ್ನೆ ಎದೆ ಹಿಡಿದುಕೊಂಡು ಹೊಂಡದ ದಂಡೆಯಲ್ಲೇ ಕುಸಿದಿದ್ದ.

*

ಹೊಂಡಕ್ಕೆ ಗಾಳಿ ಊದುವ ಮೋಟಾರು ಸುಟ್ಟ ದಿನವೇ ಅವನು ಮ್ಯಾನೇಜರ್ ಸಂಗಮೇಶನ ಮುಂದೆ ಹೋಗಿ ನಿಂತಿದ್ದ. ಗಾಳಿ ಆಡದಿದ್ದರೆ ಹೊಲಸು ಕರಗುವುದಿಲ್ಲ, ಹಾಗೇ ಹಳ್ಳ ಸೇರುತ್ತದೆ, ಅಲ್ಲಿಂದ ಬಾವಿಗಿಳಿಯುತ್ತದೆ ಎಂದು ಹೇಳಿದ್ದ. ಮಳೆಗಾಲ ಕಳೆಯಲಿ ಎಂದರು. ಮತ್ತೆ ಹೇಳಿದ. ಸುಗ್ಗಿ ಮುಗಿಯಲಿ ಎಂದರು. ಮೋಟಾರು ಬರಲಿಲ್ಲ, ಮೀನು ಬಂದವು. ನೀರು ಹಳ್ಳಕ್ಕೆ ಬೀಳುವ ಮುಂಚಿನ ಕೊನೆಯ ಹೊಂಡದಲ್ಲಿ ಮೀನು ಆಡುವುದನ್ನು ಕಂಡರೆ ನೀರು ಶುದ್ಧವಿದೆ ಎಂದು ಬರೆದುಕೊಂಡು ಹೋಗುವ ತಪಾಸಣೆ ಅಧಿಕಾರಿಗಳಿದ್ದರು. ಮೀನು ಅರ್ಧ ದಿನ ಬದುಕಿದರೆ ಸಾಕಿತ್ತು. ಆಮೇಲೆ ತೇಲಿದವನ್ನು ರಾವಸಾಬ ಬಲೆಯಿಂದ ತೆಗೆಯುತ್ತಿದ್ದ.

ಮೀನು ತರುವ ಕೆಲಸ ರೇಣವ್ವನದು. ಆಲಮಟ್ಟಿಯ ಮೀನುಗಾರ ಇಸಾಕನಿಂದ ಕೊಂಡು, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ದಾರಿಯುದ್ದ ಕೈಯಿಂದ ನೀರು ಕಲಕುತ್ತಲೇ ಇರಬೇಕು. ಕೈ ನಿಂತರೆ ಮೀನಿಗೆ ಉಸಿರಿಲ್ಲ. ಒಮ್ಮೆ ಕಾರ್ಖಾನೆಯ ಡ್ರೈವರನೊಬ್ಬನನ್ನೇ ಕಳಿಸಿ ನೋಡಿದರು. ಎಲ್ಲವೂ ಹೊಟ್ಟೆ ಮೇಲಾಗಿ ಬಂದವು.

"ಯವ್ವಾ, ನಿಂಗ ಟಿಕೆಟ್ ಫ್ರೀ ಐತಿ. ಇದರಾಗ ಗಂಡಮೀನ ಎಷ್ಟದಾವ ಹೇಳು, ಅವಕ್ಕ ಹರೀತೇನಿ" ಎಂದು ಕಂಡಕ್ಟರ್ ಕಾಡುತ್ತಿದ್ದ. ಅದನ್ನು ಹೇಳಿಕೊಂಡು ಅವಳು ಮನೆಯಲ್ಲಿ ನಕ್ಕರೆ ರಾವಸಾಬ ನಗುತ್ತಿರಲಿಲ್ಲ.

"ಮೋಟಾರ್ ಮಾಡೂ ಕೆಲಸ ಅವರು ನಿನ್ನ ಕೈಲೆ ಮಾಡಸಾಕತ್ತಾರ" ಎಂದಿದ್ದ.

*

ರಾವಸಾಬನ ತಮ್ಮ ಅನಿಲಕುಮಾರ ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಮುಗಿಸಿದ. ಬಿಳಿ ಬಟ್ಟೆ ಹೊದ್ದ ರಾವಸಾಬನನ್ನು ಕುಣಿಗಿಳಿಸಿದರು. ರೇಣವ್ವ, ಮಗಳು ಪ್ರಜ್ಞಾ ಬೊಗಸೆ ತುಂಬ ಮಣ್ಣು ಹಾಕಿದರು. ಹಾರ ಹಿಡಿದು ಬಂದಿದ್ದ ಸಂಗಮೇಶ, ರಾವಸಾಬನಂಥ ಪ್ರಾಮಾಣಿಕ ಸಿಗುವುದಿಲ್ಲ ಎಂದು ನಾಲ್ಕು ಮಂದಿಗೆ ಕೇಳುವಂತೆ ಹೇಳಿದ. ಆಮೇಲೆ ರೇಣವ್ವನ ಹತ್ತಿರ ಬಂದು ದನಿ ತಗ್ಗಿಸಿದ.

"ನಾಳೆ ಮುಂಜಾನೆ ತಪಾಸಣಿಗೆ ಬರಾಕತ್ತಾರ. ಜೀಪ್ ತಂದೇನಿ, ಬಸ್ಸಿನ ತ್ರಾಸಿಲ್ಲ. ಪ್ರಜ್ಞಾನ ನೌಕರಿದು ಮ್ಯಾಲಿನವರ ಕೂಡ ಮಾತಾಡೇನಿ. ಆಲಮಟ್ಟಿಗೆ ಹೋಗಿ ಬಾ."

ಡಿಗ್ರಿ ಮುಗಿಸಿದ ಪ್ರಜ್ಞಾ ಕಾರ್ಖಾನೆಯ ಆಫೀಸಿಗೆ ಎಷ್ಟು ಸಲ ಅಲೆದಿದ್ದಳೋ. ಅನಿಲಕುಮಾರ ಪಕ್ಕಕ್ಕೆ ಬಂದ.

"ವೈನಿ, ಇದೊಂದ ಸಲ ಹೋಗ್ರಿ. ಹುಡುಗಿ ಬಾಳೇವಿನ ಮಾತೈತಿ."

ರೇಣವ್ವ ಮಗಳ ಮುಖ ನೋಡಿದಳು. ಪ್ರಜ್ಞಾ ಕಣ್ಣು ತಪ್ಪಿಸಲಿಲ್ಲ.

"ಮೀನ ತರಾಂಗಿಲ್ರಿ."

"ಮತ್ತ ನಾಳೆ ಹೊಂಡದಾಗ ಏನ್ ತೋರಸೂಣು?"

"ನೀರ ತೋರಸ್ರಿ."

ಸಂಗಮೇಶ ಹಲ್ಲು ಕಚ್ಚಿ, ಸುಮ್ಮನೆ ಹತ್ತು ಎಂದ. ಡ್ರೈವರ್ ಜೀಪಿನ ಬಾಗಿಲು ತೆರೆದು ನಿಂತ. ರೇಣವ್ವ ಹೋಗಿ ಅದನ್ನು ಹೊರಗಿನಿಂದ ಮುಚ್ಚಿದಳು. ಬಿಳಿ ಬಾಗಿಲ ಮೇಲೆ ಕುಣಿಯ ಎರೆಮಣ್ಣಿನ ಅಂಗೈ ಮೂಡಿತು.