ನಿರ್ದೇಶಕರ ಒಂದು ಸಾಲು

ಆರೋಗ್ಯ ಇಲಾಖೆಯ ನಿರ್ದೇಶಕರಿಂದ ಬಂದದ್ದು ಒಂದೇ ಸಾಲು: ‘ಸಂಚಾರಿ ಆಸ್ಪತ್ರೆ ವ್ಯಾನುಗಳಿಂದ ಪ್ರಯೋಜನವಿಲ್ಲ ಎಂಬುದಕ್ಕೆ ಇರುವ ಸಂಶೋಧನೆಗಳನ್ನು ಮೂರು ವಾರದಲ್ಲಿ ಪರಿಶೀಲಿಸಿ ಕೊಡಿ.’

ನನಗೆ ಮೈ ಉರಿಯಿತು. ಇಲಾಖೆಯವರು ತೀರ್ಮಾನ ತೆಗೆದುಕೊಳ್ಳುವ ಮೊದಲು, ಆ ವಿಷಯದ ಸಂಶೋಧನೆಗಳನ್ನೆಲ್ಲ ಬೇಗ ಓದಿ ಸೋಸಿ ಕೊಡುವುದು ನನ್ನ ಕೆಲಸ. ಈ ಮನುಷ್ಯ ತೀರ್ಮಾನ ಮಾಡಿಯಾಗಿದೆ, ಮುದ್ರೆ ಒತ್ತುವುದಕ್ಕೆ ಯಾರಾದರೂ ಬೇಕು, ಅಷ್ಟೆ. ಅದೂ ಯಾವ ವ್ಯಾನು? ನಮ್ಮಕ್ಕ ಹನ್ನೊಂದು ವರ್ಷದಿಂದ ನರ್ಸಾಗಿ ಓಡಾಡುತ್ತಿರುವ ವ್ಯಾನು. ಅದು ನಿಂತರೆ ಅವಳ ಕೆಲಸವೂ ಹೋಯಿತು.

“ಓದೋದು ನೀನೇ ತಾನೇ? ಹಾಗಾದ್ರೆ ನಂಗೆ ಭಯ ಇಲ್ಲ ಬಿಡು,” ಎಂದಿದ್ದಳು ಅಕ್ಕ ಬೆಳಿಗ್ಗೆ.

ನಮ್ಮ ಪ್ರಶ್ನೆಗಳ ನಮೂನೆ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಕೆಲಸ ಕೊಡುವವರ ಎದುರು ಕೂತು ಅದನ್ನು ತುಂಬಿಸಿಕೊಳ್ಳದೆ ನಾವು ಒಂದು ಪುಟವನ್ನೂ ಓದುವುದಿಲ್ಲ. ನಾನೇ ತಂದ ನಿಯಮ.

“ಪ್ರಯೋಜನ ಇಲ್ಲ ಅಂತ ಮೊದ್ಲೇ ಗೊತ್ತಿದ್ರೆ ನಾವ್ಯಾಕೆ ಸರ್?”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

“ಮತ್ತೆ ಹೇಗೆ ಕೇಳ್ಬೇಕಮ್ಮ? ನಂಗೆ ಗೊತ್ತಾಗಲ್ಲ, ಹೇಳ್ಕೊಡಿ.”

ನಾಟಕ ಅಂದುಕೊಂಡೆ. ಆದರೂ ಒಂದೊಂದಾಗಿ ಕೇಳಿದೆ. ತೀರ್ಮಾನ ಏನು? ವ್ಯಾನು ಉಳಿಸುವುದೋ, ಅದು ಹೋಗುವ ಊರುಗಳಲ್ಲಿ ಚಿಕ್ಕ ಕ್ಲಿನಿಕ್ ತೆರೆಯುವುದೋ. ಯಾರಿಗಾಗಿ? ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ. ಯಾವಾಗ ಬೇಕು? ಇಪ್ಪತ್ತೆರಡಕ್ಕೆ ಸಭೆ. ಎಂಥ ಉತ್ತರ ಬಂದರೆ ಮನಸ್ಸು ಬದಲಿಸುತ್ತೀರಿ?

ಇಲ್ಲಿ ಸಿಕ್ಕಿಬೀಳುತ್ತಾರೆ ಎಂದು ಕಾದೆ. ಅವರು ಪೆನ್ನಿನ ತುದಿ ಕಚ್ಚುತ್ತ ಕೂತು, ಕೊನೆಗೆ ಬರೆದರು: ‘ಕ್ಲಿನಿಕ್ಕಿಗೆ ಬಾರದವರನ್ನು ವ್ಯಾನು ತಲುಪುತ್ತದೆ ಎಂದಾದರೆ ಒಂದನ್ನೂ ನಿಲ್ಲಿಸುವುದಿಲ್ಲ.’ ಆಮೇಲೆ ನಮೂನೆಯ ತಲೆಗೆ ನಾನು ಬರೆದುಕೊಂಡಿದ್ದ ತಮ್ಮ ಹಳೆಯ ಸಾಲನ್ನು ತಾವೇ ಹೊಡೆದುಹಾಕಿದರು. ನನಗೆ ನಾಚಿಕೆಯಾಯಿತು. ಸ್ವಲ್ಪವೇ.

ಅವರು ಕೊನೆಯ ಪುಟ ತಿರುಗಿಸಿದರು. “ಇದೊಂದು ಖಾಲಿ ಇದೆಯಲ್ಲ, ನಾನು ತುಂಬೋದಾ?”

‘ಓದುವವರ ಮನೆಯವರಿಗೆ ಈ ತೀರ್ಮಾನದಿಂದ ಲಾಭ ನಷ್ಟ ಇದೆಯೇ?’

ಅದನ್ನು ಬೇಕೆಂದೇ ಬಿಟ್ಟಿದ್ದೆ. ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ನನ್ನ ಕೈ ಹೆಗಲಿಗೆ ಹೋಗಿತ್ತು.

“ಅಲ್ಲ ಸರ್, ಅದು ನಂದು,” ಎಂದು ‘ಇದೆ, ಅಕ್ಕ’ ಅಂತ ಬರೆದೆ. ಹಾಗೆ ಬರೆದವರು ಓದುವಂತಿಲ್ಲ ಎಂಬುದೂ ನಿಯಮ; ಇನ್ನು ಈ ಕೆಲಸ ಬೇರೆಯವರದ್ದು.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

“ಏನಾಯ್ತೇ? ನೀನೇ ತಾನೇ ಓದೋದು?”

“ನಾನಲ್ಲ ಅಕ್ಕ. ನಾನು ಓದಿದ್ರೆ ನಿನಗೋಸ್ಕರ ಸುಳ್ಳು ಬರೀತಿದ್ದೆ.”