ಏಳನೇ ಪೆಟ್ಟಿಗೆಯ ಕಿರಿಮರಿ

ಆ ಮರಿ ಸತ್ತಿದ್ದರೆ ಡೀವ್ಕೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದಳೇನೋ. ಬದುಕಿಬಿಟ್ಟಿತಲ್ಲ, ಅದೇ ಅವಳ ನಿದ್ದೆ ಕೆಡಿಸಿದ್ದು.

ಫ್ರೀಸ್‌ಲಾಂಡಿನ ಆ ಊರಲ್ಲಿ ಇಲಿ ಬೇಟೆಯಾಡುವ ಚಾಣದ ಹಕ್ಕಿಗಳ ಬೆನ್ನುಬಿದ್ದವರು ಒಟ್ಟು ಆರು ಮಂದಿ. ಸಂಬಳವಿಲ್ಲದ ಚಾಕರಿ. ದನದ ಕೊಟ್ಟಿಗೆಗಳ ಗೋಡೆಗೆ ಮರದ ಪೆಟ್ಟಿಗೆ ಹೊಡೆಯುವುದು, ಚಾಣ ಅದರಲ್ಲಿ ಮೊಟ್ಟೆಯಿಟ್ಟರೆ ಏಣಿ ಹತ್ತಿ ಎಣಿಸುವುದು, ಮರಿ ತೂಗುವುದು, ಕಾಲಿಗೆ ನಂಬರಿನ ಬಳೆ ತೊಡಿಸಿ ಬರೆದಿಡುವುದು. ಈ ಗುಂಪು ಕಟ್ಟಿದವರು ಹಿಲ್ಕೆ ಮೇಷ್ಟ್ರು, ಊರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೊಲದಲ್ಲಿ ಇಲಿ ಕಮ್ಮಿಯಾದ ವರ್ಷ ಎಷ್ಟು ಮರಿ ಉಳಿಯುತ್ತವೆ ಅನ್ನುವುದೊಂದೇ ಅವರ ಹನ್ನೊಂದು ವರ್ಷದ ಪ್ರಶ್ನೆ. ಆದ್ದರಿಂದ ಕಟ್ಟಳೆಯೂ ಒಂದೇ: ನೋಡಿ, ತೂಗಿ, ಬರೆಯಿರಿ. ತಿನ್ನಿಸಬೇಡಿ. ಕಣ್ಣೆದುರೇ ಸಾಯುತ್ತಿದ್ದರೂ ತಿನ್ನಿಸಬೇಡಿ.

ಈ ವರ್ಷ ಹೊಲದಲ್ಲಿ ಇಲಿಯೇ ಇಲ್ಲ. ಡೀವ್ಕೆಯ ಪಾಲಿನ ಏಳನೇ ಪೆಟ್ಟಿಗೆಯಲ್ಲಿ ಐದು ಮರಿ. ದೊಡ್ಡವು ನೂರಮೂವತ್ತು ಗ್ರಾಂ ತೂಗುವಾಗ ಕಿರಿದು ಅರವತ್ತೂ ಇರಲಿಲ್ಲ. ಅಣ್ಣಂದಿರ ಕಾಲಡಿ ಸಿಕ್ಕಿ, ತಲೆ ಎತ್ತಲಾರದೆ, ಆದರೂ ಇವಳ ಬೆರಳು ಕಂಡರೆ ಬಾಯಿ ತೆರೆಯುತ್ತಿತ್ತು. ಅವಳು ಬಸ್ ಡ್ರೈವರ್; ಅವತ್ತು ಮಧ್ಯಾಹ್ನದ ಪಾಳಿಯಲ್ಲಿ ಒಂದು ನಿಲ್ದಾಣವನ್ನೇ ಮರೆತು ಮುಂದೆ ಹೋದಳು. ಮಾರನೆಯ ದಿನ ಮನೆಯ ಅಟ್ಟದ ಬೋನಿನಲ್ಲಿ ಬಿದ್ದ ಇಲಿಯನ್ನು ಕತ್ತರಿಯಲ್ಲಿ ತುಂಡು ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡು ಏಣಿ ಹತ್ತಿದಳು. ಹೀಗೆ ಹದಿನೇಳು ದಿನ. ಬರೆದ ತೂಕ ಒಂದೂ ಸುಳ್ಳಲ್ಲ. ಅದರ ಹಿಂದಿನ ಇಲಿಯನ್ನಷ್ಟೇ ಬರೆಯಲಿಲ್ಲ. ಐದಕ್ಕೆ ಐದೂ ಹಾರಿಹೋದವು.

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ಎಲ್ಲರೂ ಮೇಷ್ಟ್ರ ಅಡುಗೆಮನೆಯಲ್ಲಿ ಕಾಫಿಗೆ ಸೇರಿದರು.

"ನೋಡ್ರಪ್ಪಾ, ಏಳನೇ ಪೆಟ್ಟಿಗೆ!" ಮೇಷ್ಟ್ರ ಮುಖ ಅರಳಿತ್ತು. "ಇಂಥಾ ಇಲಿ ಬರದಲ್ಲೂ ಐದಕ್ಕೈದು! ಯೂನಿವರ್ಸಿಟಿಯವರಿಗೆ ಕಾಗದ ಬರ್ದಿದೀನಿ. ಬರೋ ವಾರ ಬರ್ತಾರೆ. ಅವರ ಮುಂದೆ ನೀನೇ ಮಾತಾಡ್ಬೇಕು, ಡೀವ್ಕೆ."

"ಏನಮ್ಮಾ, ಅಲ್ಲೇನು ಹೋಟ್ಲು ಗೀಟ್ಲು ತೆಗೆದಿದ್ಯಾ?" ಎಂದ ವೀಬೆ. ಹಾಲು ಕರೆಯುವ ರೈತ, ಎರಡು ಪೆಟ್ಟಿಗೆ ಅವನ ಪಾಲಿಗೆ. ಎಲ್ಲರೂ ಘೊಳ್ಳೆಂದು ನಕ್ಕರು.

ಡೀವ್ಕೆ ಕಾಫಿ ಲೋಟ ಕೆಳಗಿಟ್ಟಳು. ಹೇಳಿದರೆ ಒಂಬತ್ತು ವರ್ಷ ತಾನು ಬರೆದದ್ದನ್ನೆಲ್ಲ ಹರಿದೆಸೆಯುತ್ತಾರೆ, ಏಣಿ ಕಿತ್ತುಕೊಳ್ಳುತ್ತಾರೆ. ಹೇಳದಿದ್ದರೆ ಈ ಮುದುಕ ಊರಾಚೆಯ ಪಂಡಿತರ ಮುಂದೆ ಸುಳ್ಳನಾಗುತ್ತಾನೆ. ಅಯ್ಯೋ ದೇವರೇ, ಆ ಮುಖ ನೋಡಿ ಹೇಗೆ ಸುಮ್ಮನಿರುವುದು?

"ಕಾಗದ ವಾಪಸ್ ತಗೊಳ್ಳಿ ಮೇಷ್ಟ್ರೇ," ಎಂದಳು. "ನಾನು ತಿನ್ನಿಸ್ದೆ. ದಿನಾ ಇಲಿ ಹಾಕ್ದೆ. ತಡೀಲಿಕ್ಕೆ ಆಗ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ವೀಬೆ ಕೆಮ್ಮಿದ.

"ಅವಳೊಬ್ಳನ್ನೇ ಬೈಬೇಡಿ. ನಾನೂ ಹಾಕಿದೀನಿ."

"ಈ ವರ್ಷಾನಾ?"

"ಬರ ಬಂದಾಗೆಲ್ಲ," ಎಂದ ವೀಬೆ, ತಲೆ ತಗ್ಗಿಸಿ.

ಕಿಟಕಿಯ ಬಳಿ ಕೂತಿದ್ದ ಅಕ್ಕತಂಗಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡಿದರು. "ನಾವು ಕೋಳಿ ಮಾಂಸ ಕೊಟ್ವಿ," ಎಂದಳು ದೊಡ್ಡವಳು. "ಒಂದೊಂದು ಚೂರು ಅಷ್ಟೇ." ಐದನೆಯವನಾದ ಅಂಚೆಯವನ ಕಿವಿ ಕೆಂಪಾಗಿತ್ತು.

ಮೇಷ್ಟ್ರು ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು: "ಯಾವತ್ತೂ ತಿನ್ನಿಸದೇ ಇರೋರು ಕೈ ಎತ್ತಿ."

ಯಾರ ಕೈಯೂ ಏಳಲಿಲ್ಲ. ಕೊನೆಗೆ ಅವರೇ ತಮ್ಮ ಕೈ ಎತ್ತಿದರು.

"ಹನ್ನೊಂದು ವರ್ಷದಲ್ಲಿ ನನ್ನ ಪೆಟ್ಟಿಗೇಲಿ ಹತ್ತೊಂಬತ್ತು ಮರಿ ಸತ್ವು," ಎಂದರು. "ನಿಮ್ಮವು ಅಷ್ಟಿಷ್ಟಾದ್ರೂ ಉಳೀತಿದ್ವು, ನನ್ನವು ಮಾತ್ರ ಸಾಯ್ತಿದ್ವು. ನನ್ನ ಪೆಟ್ಟಿಗೇಲೇ ಏನೋ ದೋಷ ಅಂದ್ಕೊಂಡೆ. ಮೂರು ಸಲ ಜಾಗ ಬದಲಾಯಿಸ್ದೆ. ಹಲಗೆ ಬದಲಾಯಿಸ್ದೆ. ಹೋದ ತಿಂಗಳು ಒಂದು ನನ್ನ ಅಂಗೈ ಮೇಲೇ ಹೋಯ್ತು, ಬಾಯಿ ತೆರ್ಕೊಂಡೇ. ತೂಗಿ ಬರ್ದೆ. ಮನೇಗೆ ಬಂದು ಬಾಗಿಲು ಹಾಕ್ಕೊಂಡು ಹಸುಗೂಸಿನ ಥರ ಅತ್ತೆ. ಲೆಕ್ಕ ನಿಜವಾಗಿರ್ಬೇಕಲ್ಲಾ ಅಂತ ಸಮಾಧಾನ ಮಾಡ್ಕೊಂಡೆ."

ಡೀವ್ಕೆ ಬೈಗುಳಕ್ಕೆ ಸಿದ್ಧಳಾಗಿದ್ದಳು, ಇದಕ್ಕಲ್ಲ. ಅವರ ಕೈ ಹಿಡಿಯಬೇಕೆನಿಸಿತು, ಧೈರ್ಯ ಬರಲಿಲ್ಲ.

"ಹಂಗಾದ್ರೆ ನಾನು ಅವನ್ನ ಸಾಯಕ್ಕೆ ಬಿಟ್ಟಿದ್ದು ಯಾತಕ್ಕೆ, ಡೀವ್ಕೆ?" ಎಂದರು ಮೇಷ್ಟ್ರು.

ಕೋಪವಿರಲಿಲ್ಲ ಆ ದನಿಯಲ್ಲಿ. ನಿಜಕ್ಕೂ ಉತ್ತರ ಬೇಕಾಗಿತ್ತು ಅವರಿಗೆ, ಐದು ಮಂದಿಯ ಮುಖವನ್ನೂ ಒಂದೊಂದಾಗಿ ನೋಡುತ್ತ ಕಾದರು.